ಸರೋಜಕ್ಕ ಅಧ್ಯಕ್ಷೆಯಾದ ವರ್ಷ ಹೆಂಗಸರು ನೀರಿಗಿಳಿದರು

ಸರೋಜಕ್ಕ ನಮ್ಮ ಕ್ಲಬ್ಬಿಗೆ ಸೇರಿದ್ದು ತಪ್ಪಿ ಬಂದು.

ಆ ದಿನ ಕುಂದಾಪುರದ ಸಭಾಭವನದ ಮೇಲಿನ ಮಹಡಿಯಲ್ಲಿ ಅವರ ನೆಂಟರ ಮದುವೆಯ ರಿಸೆಪ್ಶನ್ ಇತ್ತು. ಕೆಳಗಿನ ಹಾಲಿನಲ್ಲಿ ನಮ್ಮ ಪಡುಗಡಲು ಸೇವಾ ಕ್ಲಬ್ಬಿನ ವಾರ್ಷಿಕೋತ್ಸವ. ಉಪ್ಪುಂದದಿಂದ ಬಸ್ಸಿನಲ್ಲಿ ಬಂದಿಳಿದ ಸರೋಜಕ್ಕ ಜರಿ ಸೀರೆಯ ನೆರಿಗೆ ಸರಿ ಮಾಡಿಕೊಂಡು, ಉಡುಗೊರೆಯ ಸ್ಟೀಲ್ ಡಬ್ಬಿ ಹಿಡಿದು ಸೀದಾ ಕೆಳಗಿನ ಹಾಲಿಗೇ ಬಂದು ಮುಂದಿನ ಸಾಲಿನಲ್ಲಿ ಕುಳಿತರು. ವೇದಿಕೆಯ ಮೇಲೆ ಮದುಮಗಳು ಕಾಣಲಿಲ್ಲ. ಕೋಟು ಹಾಕಿಕೊಂಡ ಆರೇಳು ಗಂಡಸರು ಮಾತ್ರ ಕಂಡರು. ಅವರಲ್ಲಿ ಮದುಮಗ ಯಾರಿರಬಹುದೆಂದು ಭಾಷಣಗಳುದ್ದಕ್ಕೂ ಒಬ್ಬೊಬ್ಬರನ್ನೇ ನೋಡುತ್ತಿದ್ದರಂತೆ. ಎಲ್ಲರೂ ವಯಸ್ಸಾದವರು. ಪಾಪದ ಹುಡುಗಿ ಎಂದುಕೊಂಡರಂತೆ. ಊಟವಾಯಿತು. ಐಸ್‌ಕ್ರೀಮೂ ಆಯಿತು. ಆಮೇಲೆ ಮೈಕಿನಲ್ಲಿ, ಹೊಸದಾಗಿ ಸದಸ್ಯರಾಗುವವರು ಕೈ ಎತ್ತಬೇಕು ಎಂದು ಕೇಳಿಕೊಂಡಾಗಲೇ ಅವರಿಗೆ ವಿಷಯ ಗೊತ್ತಾದದ್ದು. ಗೊತ್ತಾದರೂ ಕೈ ಎತ್ತಿದರು.

"ಎಂತ ಮಾಡುದ್ ಹೆಣೆ? ಹೊಟ್ಟಿ ತುಂಬ ಉಂಡ್ ಆಯ್ತ್. ಕೈ ಎತ್ತದಿರೆ ಮರ್ಯಾದಿ ಅಲ್ಲ," ಎಂದು ಆಮೇಲೆ ನನ್ನ ಹತ್ತಿರ ಹೇಳಿದರು. ಮದುಮಗಳಿಗೆಂದು ತಂದ ಡಬ್ಬಿಯನ್ನು ಅಂದಿನ ಅಧ್ಯಕ್ಷರ ಕೈಗೆ ಕೊಟ್ಟೇ ಹೋದರು. ಅದರಲ್ಲಿ ಈಗ ಕ್ಲಬ್ಬಿನ ರಬ್ಬರ್ ಸ್ಟಾಂಪು ಇರುತ್ತದೆ.

ನಾನು ದಿವ್ಯಾ. ಬೈಂದೂರಿನಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ಸರೋಜಕ್ಕ ಅಧ್ಯಕ್ಷೆಯಾದ ವರ್ಷ ಕಾರ್ಯದರ್ಶಿಯಾಗಿದ್ದವಳು ನಾನೇ. ಆದ್ದರಿಂದ ಇದರಲ್ಲಿ ಬಹಳಷ್ಟು ನನ್ನ ಕಣ್ಣೆದುರಿಗೇ ನಡೆದದ್ದು.

ಸರೋಜಕ್ಕನದು ಮೀನಿನ ವ್ಯಾಪಾರ. ಗಂಡ ಕರಿಯಣ್ಣ ದೋಣಿಯಲ್ಲಿ ಕಡಲಿಗೆ ಹೋಗುತ್ತಾರೆ. ಮಗ ಅನೂಪ್ ಸಣ್ಣದೊಂದು ಟೆಂಪೋ ಓಡಿಸುತ್ತಾನೆ. ದಡಕ್ಕೆ ಮೀನು ಬಂದದ್ದೇ ಸರೋಜಕ್ಕ ಆರಿಸಿ, ಐಸ್ ಹಾಕಿಸಿ, ಟೆಂಪೋದ ಮುಂದಿನ ಸೀಟಿನಲ್ಲಿ ಮಗನ ಪಕ್ಕ ಕುಳಿತು ಬ್ರಹ್ಮಾವರದ ಒಳಗಿನ ಊರುಗಳಿಗೆ ಹೊರಡುತ್ತಾರೆ. ಕೊಕ್ಕರ್ಣೆಯವರೆಗೂ ಅವರಿಗೆ ಗುರ್ತದ ಮನೆಗಳಿವೆ. ಯಾರ ಮನೆಗೆ ಬಂಗುಡೆ, ಯಾರ ಮನೆಗೆ ಬೂತಾಯಿ, ಯಾರ ಮನೆಯಲ್ಲಿ ಸೋಮವಾರ ಮೀನು ತಿನ್ನುವುದಿಲ್ಲ ಎಂಬುದೆಲ್ಲ ಬಾಯಿಗೇ ಬರುತ್ತದೆ. ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ನಗಲು ಶುರು ಮಾಡಿದರೆ ಪಕ್ಕದಲ್ಲಿದ್ದವರ ಭುಜ ಹಿಡಿದುಕೊಳ್ಳಲೇಬೇಕು. ಹಾಗಾಗಿ ಮೀಟಿಂಗಿನಲ್ಲಿ ಅವರ ಪಕ್ಕ ಕೂರಲು ಗಂಡಸರು ಹಿಂದೆಮುಂದೆ ನೋಡುತ್ತಿದ್ದರು.

ಅವರು ಅಧ್ಯಕ್ಷೆಯಾಗುವ ಮಾತೇ ಇರಲಿಲ್ಲ. ಆ ವರ್ಷದ ಸರದಿ ಅಶೋಕ್ ಅವರದು. ಅವರು ಇದ್ದಕ್ಕಿದ್ದಂತೆ ಮುಂಬೈಗೆ ಮಾವನ ಹೋಟೆಲು ನೋಡಿಕೊಳ್ಳಲು ಹೊರಟುಬಿಟ್ಟರು. ಉಪಾಧ್ಯಕ್ಷ ಲೀಲಾಧರಣ್ಣನಿಗೆ ಬ್ರಹ್ಮಾವರದಲ್ಲಿ ಹಾರ್ಡ್‌ವೇರ್ ಅಂಗಡಿ. ಅವರು ನನಗೆ ಪುರುಸೊತ್ತಿಲ್ಲ ಎಂದರು. ಉಳಿದವರು ಚಾ ಲೋಟದೊಳಗೆ ನೋಡತೊಡಗಿದರು. ಆ ಮೌನ ಸರೋಜಕ್ಕನಿಗೆ ತಡೆಯಲಾಗಲಿಲ್ಲ.

"ಯಾರೂ ಇಲ್ದಿರೆ ನಾನ್ ಕೂಕಂತೆ," ಎಂದರು. "ಕುರ್ಚಿ ಖಾಲಿ ಬಿಡುದ್ ಚಂದ ಅಲ್ಲ."

ಹೀಗೆ ಅಧ್ಯಕ್ಷೆಯಾದರು.

ಜುಲೈಯಲ್ಲಿ ಪದಗ್ರಹಣ. ಹೊರಗೆ ಜಡಿಮಳೆ. ಉಪ್ಪುಂದದ ಮೀನು ಮಾರುವ ಹೆಂಗಸರು ಒಬ್ಬರೂ ಬಿಡದೆ ಜರಿ ಸೀರೆ ಉಟ್ಟು ಬಂದು ಮುಂದಿನ ಸಾಲುಗಳನ್ನೆಲ್ಲ ಹಿಡಿದಿದ್ದರು. ಸರೋಜಕ್ಕನ ಕೊರಳಿಗೆ ಅಧ್ಯಕ್ಷರ ಪದಕದ ಹಾರ ಬಿದ್ದದ್ದೇ ತಡ, ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು. ಭಾಷಣವನ್ನು ನಾನು ಬರೆದುಕೊಟ್ಟಿದ್ದೆ. ಕಣ್ಣಿನ ಶಿಬಿರ, ರಕ್ತದಾನ, ಗಿಡ ನೆಡುವುದು, ಮಕ್ಕಳಿಗೆ ಈಜು ಸ್ಪರ್ಧೆ, ಇಷ್ಟೇ. ಪ್ರತಿ ವರ್ಷವೂ ಇಷ್ಟೇ. ಅವರು ಒಂದೊಂದನ್ನೇ ಓದುತ್ತ ಬಂದರು. "ಮಕ್ಕಳಿಗೆ ಈಜು" ಎಂಬಲ್ಲಿಗೆ ಬಂದು ನಿಂತರು. ಕಾಗದದಿಂದ ತಲೆ ಎತ್ತಿ ಮುಂದೆ ಕುಳಿತ ಹೆಂಗಸರನ್ನು ನೋಡಿದರು.

"ಮಕ್ಳಿಗ್ ಹ್ಯಾಂಗೂ ಬತ್ತ್. ನಮ್ಗ್ ಬತ್ತಾ?" ಎಂದರು.

ಮುಂದಿನ ಸಾಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹುಟ್ಟಿದ್ ಮೇಲಿಂದ ಸಮುದ್ರದ ಬದಿಗೇ ಇಪ್ಪುದ್ ನಾವ್. ದೋಣಿ ಬಪ್ಪುದನ್ನ ಕಾಯ್ತಾ ನಿಂತದ್ ಎಷ್ಟ್ ಸಲ! ಆರೆ ಈ ಸಮುದ್ರ ನಮ್ಗ್ ಮೊಣಕಾಲಿಂದ ಮೇಲೆ ಗೊತ್ತೇ ಇಲ್ಲೆ. ಹೌದಾ ಅಲ್ದಾ?"

"ಹೌದ್!" ಎಂದು ಮುಂದಿನ ಸಾಲು ಕೂಗಿತು.

"ಹಂಗಾರೆ ಈ ವರ್ಷ ನಾವ್ ಹೆಂಗ್ಸ್ರೆಲ್ಲ ಈಜುಕೆ ಕಲಿಯುದೇ! ಮೊದಲ್ ನಾನ್ ಕಲಿತೆ!"

ಮಳೆಯ ಸದ್ದೇ ಕೇಳದಷ್ಟು ಗದ್ದಲವಾಯಿತು. ಲೀಲಾಧರಣ್ಣ ನನ್ನ ಕಿವಿಯ ಹತ್ತಿರ ಬಗ್ಗಿ, "ದಿವ್ಯಾ, ಇದ್ ನೀ ಬರ್ದ ಪೇಪರಂಗೆ ಇತ್ತಾ?" ಎಂದು ಕೇಳಿದರು.

"ಇಲ್ಲೆ," ಎಂದೆ.

"ದೇವ್ರೇ," ಎಂದು ಅವರು ಕುರ್ಚಿಗೆ ಒರಗಿದರು.

ಬೆಳಗಾಗುವುದರೊಳಗೆ ಸುದ್ದಿ ಊರೂರಿಗೆ ಹಬ್ಬಿತ್ತು. ನನ್ನ ಮೆಡಿಕಲ್‌ಗೆ ಕೆಮ್ಮಿನ ಔಷಧಿಗೆ ಬಂದವರೂ "ಈಜುಕೆ ಹೆಸ್ರ್ ಬರ್ಕಣಿ" ಎನ್ನತೊಡಗಿದರು. ಕರಿಯಣ್ಣ ಮಾತ್ರ ಬಲೆ ನೇಯುತ್ತ ತಲೆ ಎತ್ತದೆ ಹೇಳಿದರಂತೆ: "ಸರೋಜ, ನೀ ಮೀವತಿಗೆ ಬಕೀಟಿನ ನೀರ್ ಕಂಡೇ ಹೆದರ್ತೆ. ಎಂತಕೆ ಬೇಕಿತ್ತ್ ನಿಂಗೆ?"

"ಹೇಳಿ ಆಯ್ತ್," ಎಂದರಂತೆ ಸರೋಜಕ್ಕ. "ಮೈಕಂಗೆ ಹೇಳಿ ಆಯ್ತ್."

ಮಳೆಗಾಲದಲ್ಲಿ ನೀರಿಗಿಳಿಯುವ ಹಾಗಿರಲಿಲ್ಲ. ಆದರೆ ಸರೋಜಕ್ಕನ ಉತ್ಸಾಹ ಮಳೆ ನಿಲ್ಲುವವರೆಗೆ ಕಾಯುವಂಥದ್ದಲ್ಲ. ಕುಂದಾಪುರದ ನಮ್ಮ ಕ್ಲಬ್ಬಿನ ಕೋಣೆಯಲ್ಲೇ ಅಭ್ಯಾಸ ಶುರುವಾಯಿತು. ನಾನು ಫೋನಿನಲ್ಲಿ ಒಂದು ವಿಡಿಯೋ ಹುಡುಕಿ ಗೋಡೆಗೆ ಒರಗಿಸಿಟ್ಟೆ. ಹೆಂಗಸರು ಬೆಂಚುಗಳ ಮೇಲೆ ಬೋರಲು ಮಲಗಿ, ಸೀರೆಯ ಮೇಲೊಂದು ಬೆಡ್‌ಶೀಟು ಹೊದ್ದು, ಕಾಲು ಬಡಿಯತೊಡಗಿದರು. ಎಲ್ಲರಿಗಿಂತ ಜೋರಾಗಿ ಬಡಿಯುತ್ತಿದ್ದವರು ಗುಲಾಬಿಯಕ್ಕ, ಲೀಲಾಧರಣ್ಣನ ಹೆಂಡತಿ. ಗಂಡನಿಗೆ ಪುರುಸೊತ್ತಿಲ್ಲದಿದ್ದರೆ ತನಗಿದೆ ಎಂದು ಮೊದಲ ದಿನವೇ ಬಂದು ಸೇರಿಕೊಂಡಿದ್ದರು.

ಅಂಥ ಒಂದು ಮಧ್ಯಾಹ್ನ ನಮ್ಮಂಥ ಕ್ಲಬ್ಬುಗಳ ಜಿಲ್ಲಾ ಸಂಘದ ಪ್ರತಿನಿಧಿಯವರು ಕ್ಲಬ್ಬಿನ ತಪಾಸಣೆಗೆ ಬಂದರು. ಅವರು ಬರುವುದು ಮರುದಿನ ಎಂದೇ ನಾವೆಲ್ಲ ತಿಳಿದುಕೊಂಡಿದ್ದೆವು. ಲೀಲಾಧರಣ್ಣ ಅವರನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡು ಗಾಬರಿಯಿಂದ ಕರೆದುಕೊಂಡು ಬಂದಿದ್ದರು. ಬಾಗಿಲು ತೆರೆದರೆ ಒಳಗೆ ಸಾಲು ಬೆಂಚು, ಬೆಂಚಿನ ತುಂಬ ಹೆಂಗಸರು, ಬೆಡ್‌ಶೀಟುಗಳ ಕೆಳಗೆ ಡಬಡಬ ಕಾಲು. ಬ್ಲೇಜರ್ ಹಾಕಿಕೊಂಡ ಆ ದೊಡ್ಡ ಮನುಷ್ಯರು ಹೊಸ್ತಿಲಲ್ಲೇ ನಿಂತರು.

ಸರೋಜಕ್ಕ ಮಲಗಿದಲ್ಲಿಂದಲೇ ತಲೆ ಎತ್ತಿದರು. "ಬನ್ನಿ ಸಾರ್, ಬನ್ನಿ. ಕೂಕಣಿ ಅಂಬುಕೆ ಬೆಂಚ್ ಒಂದೂ ಖಾಲಿ ಇಲ್ಲೆ."

"ಇದು ಯಾವ ಯೋಜನೆ?" ಎಂದು ಕೇಳಿದರು ಅವರು.

"ಯೋಗ ಸಾರ್," ಎಂದರು ಲೀಲಾಧರಣ್ಣ, ಕಣ್ಣು ಮಿಟುಕಿಸದೆ.

"ಯೋಗ ಅಲ್ಲ ಸಾರ್, ಈಜು!" ಎಂದರು ಗುಲಾಬಿಯಕ್ಕ ಬೆಂಚಿನಿಂದ. ಗಂಡನ ಕಡೆ ತಿರುಗಿ, "ಸುಳ್ಳ್ ಎಂತಕೆ ಹೇಳ್ತ್ರಿ?" ಎಂದು ಇನ್ನೆರಡು ಸಲ ಕಾಲು ಬಡಿದದ್ದೇ ಬೆಂಚಿನ ಒಂದು ಕಾಲು ಲಟ್ಟೆಂದು ಮುರಿದು, ಅವರು ಬೆಡ್‌ಶೀಟಿನ ಸಮೇತ ನಿಧಾನವಾಗಿ ನೆಲಕ್ಕೆ ಜಾರಿದರು.

ಮೊದಲು ನಕ್ಕವರು ಗುಲಾಬಿಯಕ್ಕನೇ. ಆಮೇಲೆ ಎಲ್ಲರೂ. ಸರೋಜಕ್ಕ ಪಕ್ಕದವರ ಭುಜ ಹಿಡಿಯಲು ಹೋಗಿ ಗುಲಾಬಿಯಕ್ಕನನ್ನು ಎತ್ತಲು ಒಳಗೆ ಬಂದಿದ್ದ ಪ್ರತಿನಿಧಿಯವರ ಬ್ಲೇಜರ್ ಹಿಡಿದರು. ಅವರು ಸಿಟ್ಟಾಗಲಿಲ್ಲ. ನಗು ನಿಂತ ಮೇಲೆ ಸ್ವಲ್ಪ ನಾಚಿಕೊಂಡು, "ನನಗೂ ಈಜು ಬರುವುದಿಲ್ಲ" ಎಂದರು. ಅಷ್ಟು ಸಾಕಾಯಿತು. ಹತ್ತು ನಿಮಿಷದೊಳಗೆ ಬ್ಲೇಜರ್ ಮೊಳೆಗೆ ನೇತಾಡುತ್ತಿತ್ತು, ಅವರು ಬೆಂಚಿನ ಮೇಲಿದ್ದರು. "ಕಾಲು ಹೀಗಾ? ಮಂಡಿ ಮಡಚಬಾರದಾ?" ಎಂದು ಕೇಳುತ್ತಿದ್ದರು. ತಪಾಸಣೆ ಅಲ್ಲಿಗೇ ಮುಗಿಯಿತು.

ಮಳೆ ಕಡಿಮೆಯಾದದ್ದೇ ನಿಜವಾದ ನೀರಿನ ಪ್ರಶ್ನೆ ಎದ್ದಿತು. ದೇವಸ್ಥಾನದ ಕೆರೆ ಬೇಡ. ಹೊಳೆಯಲ್ಲಿ ಸೆಳೆತ. ಉಪ್ಪುಂದದ ಕಡಲಿನಲ್ಲಿ ಕಲಿಯೋಣವೆಂದರೆ ಹೆಂಗಸರು ಒಬ್ಬರೂ ಒಪ್ಪಲಿಲ್ಲ. ತೆರೆಯ ಹೆದರಿಕೆಗಿಂತ ದಡದಲ್ಲಿ ಕುಳಿತು ನೋಡಿ ನಗುವ ಗಂಡಸರ ಹೆದರಿಕೆ ಹೆಚ್ಚು. ಸರೋಜಕ್ಕ ಯೋಚಿಸಿ, ಒಂದು ಬೆಳಿಗ್ಗೆ ಮೀನಿನ ಟೆಂಪೋದಲ್ಲಿ ನನ್ನನ್ನೂ ಕೂರಿಸಿಕೊಂಡು ಕೊಕ್ಕರ್ಣೆಯ ಗಣಪಣ್ಣನ ಮನೆಗೆ ಹೋದರು.

ಗಣಪಣ್ಣ ಗದ್ದೆ, ತೆಂಗು ಮಾಡಿಕೊಂಡಿರುವ ಕೃಷಿಕ. ಸರೋಜಕ್ಕನಿಂದ ಮೀನು ಕೊಳ್ಳುವ ಹಳೆಯ ಗಿರಾಕಿ. ಮನೆಯ ಹಿಂದೆ ಅವರ ಗದ್ದೆಗೆ ನೀರುಣಿಸುವ ಮದಗ ಇದೆ. ಅಗಲವಾದ ಕೆರೆಯಂಥದ್ದು, ತಿಳಿನೀರು, ಒಂದು ಬದಿಗೆ ಮೆಟ್ಟಿಲು. ವಿಷಯ ಕೇಳಿದ ಗಣಪಣ್ಣ ಕೈಯಲ್ಲಿದ್ದ ಬಂಗುಡೆಯನ್ನು ಹಾಗೇ ಹಿಡಿದುಕೊಂಡು ನಕ್ಕರು.

"ಹ್ವಾಯ್ ಸರೋಜಕ್ಕ, ನಿಮ್ಮನಿ ಎದ್ರಿಗೆ ಅಷ್ಟ್ ದೊಡ್ಡ ಸಮುದ್ರ ಇತ್ತ್. ನನ್ ಮದಗ ಎಂತಕೆ?"

"ನಿಮ್ ಮದಗಕ್ ತೆರೆ ಇಲ್ಲೆ ಗಣಪಣ್ಣ. ಕಂಡ್ ನೆಗಾಡು ಗಂಡಸ್ರೂ ಇಲ್ಲೆ."

"ನಾನಿದ್ನಲೆ!"

"ನಿಮ್ಗ್ ಬಂಗಡಿ ಬೇಕಲ್ದಾ? ಹಂಗಾರೆ ನೆಗಾಡುಕಿಲ್ಲೆ."

ಗಣಪಣ್ಣ ನಗು ನಿಲ್ಲಿಸಿ ಗಂಭೀರರಾದರು. "ಅದೆಲ್ಲ ಸಮ. ಕಲಿಸುದ್ ಯಾರ್? ಯಾರಾರೂ ಮುಳ್ಗಿರೆ?"

ಸರೋಜಕ್ಕ ನನ್ನ ಮುಖ ನೋಡಿದರು. ಆಗ ಅಡುಗೆಮನೆಯ ಬಾಗಿಲಲ್ಲಿ ಮೀನಿನ ಪಾತ್ರೆ ಹಿಡಿದು ನಿಂತಿದ್ದ ಅವರ ಸೊಸೆ ಸ್ವಾತಿ, "ಮಾವ, ನಾನ್ ಕಲಿಸ್ತೆ" ಎಂದಳು.

ಎಲ್ಲರೂ ತಿರುಗಿ ನೋಡಿದೆವು. ಅವಳು ಕಾಲೇಜಿನಲ್ಲಿ ಈಜಿನಲ್ಲಿ ಪದಕ ಗೆದ್ದವಳು. ಮದುವೆಯಾಗಿ ಬಂದ ಮೇಲೆ ನೀರಿಗೇ ಇಳಿದಿರಲಿಲ್ಲ. ದಿನಾ ಸಂಜೆ ಆ ಮದಗದ ಮೆಟ್ಟಿಲಲ್ಲಿ ಕುಳಿತು ಬಟ್ಟೆ ಒಗೆದು ಎದ್ದು ಬರುತ್ತಿದ್ದಳು.

"ನಿಂಗ್ ಈಜು ಬತ್ತಾ?" ಎಂದರು ಗಣಪಣ್ಣ. "ಹೇಳ್ಲೇ ಇಲ್ಲೆ ಕಾಣ್!"

"ನೀವ್ ಕೇಂಡಿಲ್ಲೆ ಅಲ್ದಾ ಮಾವ."

ಗಣಪಣ್ಣ ಬಂಗುಡೆಯನ್ನು ಪಾತ್ರೆಗೆ ಹಾಕಿ, "ಆಯ್ತ್, ಮದಗ ಬಿಟ್ಕೊಟ್ಟೆ" ಎಂದರು. ಆಗಲೇ ಸ್ವಾತಿ ಚೂಡಿದಾರದ ದುಪ್ಪಟ್ಟಾ ಸೊಂಟಕ್ಕೆ ಬಿಗಿದು, ಮೇಲಿನ ಮೆಟ್ಟಿಲಿನಿಂದ ನೀರಿಗೆ ಹಾರಿದಳು. ನಾವು ಈ ದಡದಲ್ಲಿ ಅವಳು ಮೇಲೆ ಬರುವುದನ್ನು ಕಾಯುತ್ತ ನಿಂತಿದ್ದರೆ ಅವಳು ಆ ದಡದಲ್ಲಿ ತಲೆ ಎತ್ತಿ ಕೂದಲು ಒದರಿದಳು. ಸರೋಜಕ್ಕ ಕುಣಿದೇ ಬಿಟ್ಟರು. ಗಣಪಣ್ಣ ಸೊಸೆಯನ್ನು ಅಂದು ಮೊದಲ ಸಲ ಕಂಡವರಂತೆ ನೋಡುತ್ತಿದ್ದರು.

ಆ ಮೇಲಿನ ಭಾನುವಾರಗಳನ್ನು ನೆನೆದರೆ ನನಗೆ ಈಗಲೂ ಒಬ್ಬಳೇ ಕುಳಿತಲ್ಲಿ ನಗು ಬರುತ್ತದೆ. ಉಪ್ಪುಂದ, ಬೈಂದೂರು, ಕುಂದಾಪುರದಿಂದ ಹೊರಟ ಹೆಂಗಸರೆಲ್ಲ ಬ್ರಹ್ಮಾವರದಲ್ಲಿ ಇಳಿದು ಕೊಕ್ಕರ್ಣೆಯ ಬಸ್ಸು ಹತ್ತುತ್ತಿದ್ದೆವು. ಮೊದಮೊದಲು ನೈಟಿಗಳನ್ನು ಚೀಲದ ತಳದಲ್ಲಿ ಅಡಗಿಸಿ ಮೇಲೆ ಬಾಳೆಹಣ್ಣು ಇಡುತ್ತಿದ್ದೆವು. ಕಂಡಕ್ಟರನಿಗೆ ಹೇಗೋ ಗೊತ್ತಾಯಿತು. ನಮ್ಮನ್ನು ಕಂಡದ್ದೇ "ಮದಗ, ಮದಗ, ಮದಗ!" ಎಂದು ಕೂಗಿ ಹತ್ತಿಸಿಕೊಳ್ಳುತ್ತಿದ್ದ. ಗಂಡಸರು ದನದ ಹಟ್ಟಿಯಿಂದ ಈಚೆಗೆ ಬರಬಾರದೆಂಬುದು ಸ್ವಾತಿಯ ನಿಯಮ. ಪುರುಸೊತ್ತಿಲ್ಲದ ಲೀಲಾಧರಣ್ಣ, ಹೆಂಡತಿಯನ್ನು ಬಿಡಲು ಬಂದವರು, ಹಟ್ಟಿಯ ಬದಿಯಲ್ಲಿ ಗಣಪಣ್ಣನ ಜೊತೆ ಒಲೆ ಹೂಡಿ ಗೋಳಿಬಜೆ ಕರಿಯತೊಡಗಿದರು. ಮೂರನೆಯ ವಾರದಿಂದ ಅಂಗಡಿಗೆ ಭಾನುವಾರ ರಜೆ ಎಂದೇ ಬೋರ್ಡು ಹಾಕಿಸಿದರು.

ಮೊದಲ ದಿನದ ಕಥೆ ಹೇಳಲೇಬೇಕು. ಅಧ್ಯಕ್ಷೆ ಮೊದಲು ಇಳಿಯಬೇಕೆಂದು ಎಲ್ಲರೂ ಮೆಟ್ಟಿಲಲ್ಲಿ ಸಾಲಾಗಿ ನಿಂತೆವು. ಸರೋಜಕ್ಕ ಬಾಳೆಎಲೆ ಬಣ್ಣದ ನೈಟಿಯ ಮೇಲೆ ಕರಿಯಣ್ಣನ ಬಲೆಯ ಬೆಂಡುಗಳನ್ನು, ಬಲೆ ನೀರಿನಲ್ಲಿ ತೇಲಲು ಕಟ್ಟುವಂಥವನ್ನು, ಸೊಂಟಕ್ಕೆ, ಎದೆಗೆ, ಬೆನ್ನಿಗೆ, ತೋಳಿಗೆ ಸಿಕ್ಕಿದಲ್ಲೆಲ್ಲ ಕಟ್ಟಿಕೊಂಡು ಬಂದಿದ್ದರು. ದೇವರ ಹೆಸರು ಹೇಳಿ, ಕಣ್ಣು ಮುಚ್ಚಿ, ನೀರಿಗೆ ಕುಳಿತರು. ಮುಳುಗುವ ಪ್ರಶ್ನೆಯೇ ಇರಲಿಲ್ಲ. ನೀರು ಅವರನ್ನು ಒಳಗೆ ಬಿಟ್ಟುಕೊಳ್ಳಲೇ ಇಲ್ಲ. ಅಂಗಾತ ಮಲಗಿದವರು ಹಾಗೇ ತೇಲಿದರು. ಅಷ್ಟರಲ್ಲಿ ಗಾಳಿ ಬೀಸಿತು. ಸರೋಜಕ್ಕ ಮೆಲ್ಲಗೆ, ಒಂದು ಸುತ್ತು ತಿರುಗಿ, ಮದಗದ ನಡುವಿಗೆ ಹೊರಟರು.

"ಹೆಣೆ ಸ್ವಾತೀ! ಇದ್ರ ಬ್ರೇಕ್ ಎಲ್ಲಿತ್ತ್?" ಎಂದು ಕೂಗಿದರು.

ನಮಗೆ ನಗುವಿನಲ್ಲಿ ಉಸಿರೇ ಇಲ್ಲ. ಅವರೂ ನಗುತ್ತಿದ್ದರು. ನಕ್ಕಷ್ಟೂ ಇನ್ನಷ್ಟು ತಿರುಗುತ್ತಿದ್ದರು. ಹಟ್ಟಿಯ ಕಡೆಯಿಂದ ಲೀಲಾಧರಣ್ಣ, "ಎಂತಾಯ್ತ್? ಯಾರ್ ಮುಳ್ಗಿದ್ರ್?" ಎಂದು ಬೊಬ್ಬೆ ಹೊಡೆದರೆ ಗುಲಾಬಿಯಕ್ಕ, "ಯಾರೂ ಮುಳ್ಗ್ಲಿಲ್ಲೆ, ಅಧ್ಯಕ್ಷರ್ ಹೊರಟ್ ಹೋತ್ರ್!" ಎಂದು ಉತ್ತರ ಕೊಟ್ಟರು. ಸ್ವಾತಿ ಈಜಿ ಹೋಗಿ, ಕಾಲು ಹಿಡಿದು, ದೋಣಿಯನ್ನು ಎಳೆದು ತರುವಂತೆ ಎಳೆದು ತಂದಳು.

ವಾರ ಕಳೆದಂತೆ ಎಲ್ಲರೂ ಕಲಿತರು. ಗುಲಾಬಿಯಕ್ಕ ಮೀನಿನಂತಾದರು. ನಾನೂ ಈ ದಡದಿಂದ ಆ ದಡಕ್ಕೆ ಹೋಗಿ ಬರುವಷ್ಟಾದೆ. ಕಲಿಯದೆ ಉಳಿದವರು ಒಬ್ಬರೇ, ಅಧ್ಯಕ್ಷೆ. ಬೆಂಡು ಬಿಚ್ಚಿದರೆ ಮೆಟ್ಟಿಲಿಂದ ಆಚೆ ಹೋಗುತ್ತಿರಲಿಲ್ಲ. ನೀರು ಗಲ್ಲಕ್ಕೆ ಬಂದರೆ ಮುಖ ಬಿಳುಚಿಕೊಳ್ಳುತ್ತಿತ್ತು. ಒಂದು ಸಂಜೆ ಬಸ್ಸಿನಲ್ಲಿ ಅವರ ನಗು ನಿಂತಿತ್ತು. ಕಿಟಕಿಯಾಚೆ ನೋಡುತ್ತ ಹೇಳಿದರು, ಸಣ್ಣವರಿದ್ದಾಗ ಒಂದು ತೆರೆ ಅವರನ್ನು ದಡದಿಂದ ಎಳೆದುಕೊಂಡು ಹೋಗಿತ್ತು ಎಂದು. ಅಮ್ಮ ಜಡೆ ಹಿಡಿದು ಹೊರಗೆಳೆದಿದ್ದರು. ಕಿವಿಯಲ್ಲಿ ಆ ನೀರಿನ ಸದ್ದು ಈಗಲೂ ಹೋಗಿಲ್ಲವಂತೆ.

"ಹಂಗಾರೆ ಎಂತಕೆ ಮೈಕಂಗೆ ಹಂಗ್ ಹೇಳಿದ್ರಿ ಅಕ್ಕ?" ಎಂದೆ.

"ಅಷ್ಟ್ ಜನ ಚಂದ ಮಾಡ್ಕಂಡ್ ಬಂದ್ ಕೂಕಂಡಿದ್ರ್ ಹೆಣೆ. ಖುಷಿ ತಡಿಯುಕೆ ಆಯ್ಲಿಲ್ಲೆ," ಎಂದರು.

ಜನವರಿಯಲ್ಲಿ ಕರಿಯಣ್ಣ ಬೆಂಡು ಕೇಳಿದರು. ಹೊಸ ಬಲೆ ಹೂಡುತ್ತಿದ್ದರು, ಬೆಂಡು ಬೇಕೇ ಬೇಕಿತ್ತು. ಸರೋಜಕ್ಕ ಎಲ್ಲವನ್ನೂ ಬಿಚ್ಚಿಕೊಟ್ಟು ಆ ಭಾನುವಾರ ಬರಿಗೈಯಲ್ಲಿ ಕೊಕ್ಕರ್ಣೆಗೆ ಬಂದರು. ಮೆಟ್ಟಿಲಲ್ಲಿ ಬಹಳ ಹೊತ್ತು ಕುಳಿತರು. ಯಾರೂ ಒತ್ತಾಯಿಸಲಿಲ್ಲ. ಆಮೇಲೆ ಗುಲಾಬಿಯಕ್ಕ ನೀರಿಗಿಳಿದು ಎದುರು ನಿಂತರು. ಇನ್ನೊಬ್ಬರು ಪಕ್ಕದಲ್ಲಿ, ಮತ್ತೊಬ್ಬರು ಹಿಂದೆ. ಹೆಂಗಸರೆಲ್ಲ ಸೇರಿ ಅವರ ಸುತ್ತ ಒಂದು ಬೇಲಿಯೇ ಆಯಿತು.

"ಬನ್ನಿ ಅಕ್ಕ," ಎಂದಳು ಸ್ವಾತಿ. "ಹೆದ್ರಿರೆ ಯಾರನ್ ಬೇಕಾರೂ ಹಿಡ್ಕಣಿ."

ಸರೋಜಕ್ಕ ಉಸಿರೆಳೆದು ಮುಖವನ್ನು ನೀರಿಗಿಟ್ಟರು. ಒಮ್ಮೆ ಮುಳುಗಿದರು. ಕೈ ಯಾರನ್ನೂ ಹಿಡಿಯಲಿಲ್ಲ. ನೈಟಿ ಗಾಳಿ ತುಂಬಿ ಹೂವಿನಂತೆ ಅರಳಿತು. ಅದರ ನಡುವಿನಿಂದ ಅವರ ತಲೆ ಮೇಲೆ ಬಂತು, ಕಾಲು ಬಡಿಯುತ್ತ ಬೇಲಿಯನ್ನು ದಾಟಿ ಆಚೆಗೆ ಹೋದರು. ಎಷ್ಟು ದೂರ? ನಾಲ್ಕು ಮಾರು ಇರಬಹುದು. ತಿರುಗಿ ನೋಡಿ ಬಾಯಲ್ಲಿದ್ದ ನೀರನ್ನು ಉಗುಳಿ, "ನೀರ್ ನನ್ನನ್ ಎತ್ತಿತ್! ಕಾಣಿನಿ, ಅದೇ ಎತ್ತಿತ್!" ಎಂದು ಕಿರುಚಿದರು. ಕಿರುಚಿದ್ದಕ್ಕೆ ಮತ್ತೆ ಮುಳುಗಿದರು. ಮತ್ತೆ ಮೇಲೆ ಬಂದರು. ಅಂದು ಅವರನ್ನು ನೀರಿನಿಂದ ಹೊರಗೆ ಕರೆಯಲು ಕೊನೆಗೆ ಗೋಳಿಬಜೆ ಮುಗಿಯುತ್ತದೆಂದು ಹೆದರಿಸಬೇಕಾಯಿತು. ಕೊನೆಯ ಬಸ್ಸಿನ ಸೀಟಿನ ತುಂಬ ನೀರು. ಕಂಡಕ್ಟರ್ ಬೈಯಲಿಲ್ಲ. ಅವನಿಗೂ ಖುಷಿಯಾಗಿತ್ತು.

ಇನ್ನು ಕಡಲು. ಫೆಬ್ರವರಿಯ ಒಂದು ಬೆಳಿಗ್ಗೆ, ತೆರೆ ಇಲ್ಲದೆ ನೀರು ಎಣ್ಣೆಯಂತೆ ಮಲಗಿದ್ದಾಗ, ಉಪ್ಪುಂದದ ದಡಕ್ಕೆ ನಮ್ಮ ತಂಡ ಬಂದು ಸೇರಿತು. ಕರಿಯಣ್ಣ ದಡದಿಂದ ಸ್ವಲ್ಪ ಆಚೆ ದೋಣಿ ನಿಲ್ಲಿಸಿ ಅದರಲ್ಲಿ ನಿಂತಿದ್ದರು. ಇನ್ನೂ ಎರಡು ದೋಣಿ ಕಾವಲಿಗೆ. ಯಾರು ನೋಡಿ ನಗುತ್ತಾರೆಂದು ನಾವು ಕೊಕ್ಕರ್ಣೆಗೆ ಓಡಿದ್ದೆವೋ ಆ ಗಂಡಸರೆಲ್ಲ ದಡದಲ್ಲಿ ನೆರೆದಿದ್ದರು. ಯಾರೂ ನಗಲಿಲ್ಲ. ಒಬ್ಬ ಮುದುಕರು ತಲೆಯ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದಿದ್ದರು.

ಸರೋಜಕ್ಕ ಮೊಣಕಾಲಿನವರೆಗೆ ನಡೆದು ಹೋದರು. ಒಂದು ಗಳಿಗೆ ನಿಂತರು. ಆಮೇಲೆ ನೀರಿಗೆ ಎದೆ ಕೊಟ್ಟರು. ಒಂದು ಬದಿಗೆ ಸ್ವಾತಿ, ಇನ್ನೊಂದು ಬದಿಗೆ ಗುಲಾಬಿಯಕ್ಕ, ಹಿಂದೆ ನಾವೆಲ್ಲ. ಉಪ್ಪುನೀರು ಮದಗದ ನೀರಿಗಿಂತ ಚೆನ್ನಾಗಿ ಹೊರುತ್ತದೆ ಎಂದು ಆಗಲೇ ತಿಳಿದದ್ದು. ದಡದಿಂದ ಕೂಗು, ಶಿಳ್ಳೆ, ಯಾರೋ ತಟ್ಟೆ ಬಡಿಯುವ ಸದ್ದು. ಸರೋಜಕ್ಕ ದೋಣಿಯ ಅಂಚು ಹಿಡಿದಾಗ ಕರಿಯಣ್ಣ ಬಗ್ಗಿ ಎರಡೂ ಕೈ ಚಾಚಿದರು.

"ಬಾ, ಹತ್ತ್ ಮೇಲೆ."

"ಬ್ಯಾಡ. ಚಾ ತಂದಿದ್ರ್ಯಾ?"

ಕರಿಯಣ್ಣ ಫ್ಲಾಸ್ಕಿನಿಂದ ಚಾ ಬಗ್ಗಿಸಿ ಕೊಟ್ಟರು. ಸರೋಜಕ್ಕ ಒಂದು ಕೈಯಲ್ಲಿ ದೋಣಿ, ಇನ್ನೊಂದು ಕೈಯಲ್ಲಿ ಲೋಟ ಹಿಡಿದು, ಕಡಲಿನಲ್ಲಿ ತೇಲುತ್ತ ಚಾ ಕುಡಿದರು. ಕುಡಿಯುತ್ತ ದೋಣಿಯ ಹೊರಮೈಯನ್ನು ಮೇಲಿಂದ ಕೆಳಗೆ ನೋಡಿದರು.

"ಹ್ವಾಯ್, ಈ ಬದಿಯಂಗೆ ಬಣ್ಣ ಎಲ್ಲ ಹೋಯಿತ್ತ್ ಕಾಣಿ. ನಂಗ್ ಹೇಳ್ಲೇ ಇಲ್ಲೆ!"

"ನೀ ಈ ಬದಿಯಿಂದ ಕಾಣ್ತೆ ಅಂದ್ ನಂಗೆಂತ ಗೊತ್ತ್?" ಎಂದರು ಕರಿಯಣ್ಣ. ಮುಖ ಆಚೆ ತಿರುಗಿಸಿ ಜೋರಾಗಿ ಕೆಮ್ಮಿದರು. ಸರೋಜಕ್ಕ ಖಾಲಿ ಲೋಟ ಕೊಟ್ಟು ದಡದತ್ತ ತಿರುಗಿದರು.

ಆ ವರ್ಷ ನಾವು ಕಣ್ಣಿನ ಶಿಬಿರವನ್ನೂ ರಕ್ತದಾನವನ್ನೂ ಬಿಡಲಿಲ್ಲ. ಸರೋಜಕ್ಕ ಮೀನು ಕೊಡಲು ಹೋದ ಮನೆಗಳಿಂದಲೇ ಅಜ್ಜ ಅಜ್ಜಿಯರನ್ನು ಟೆಂಪೋದಲ್ಲಿ ಹತ್ತಿಸಿಕೊಂಡು ಬರುತ್ತಿದ್ದರು. ಶಿಬಿರದ ಡಾಕ್ಟರು ಮೀನಿನ ವಾಸನೆಗೆ ಕಿಟಕಿ ತೆರೆದುಕೊಂಡೇ ಪರೀಕ್ಷೆ ಮಾಡಿದರು. ಸ್ವಾತಿಗೆ ಬ್ರಹ್ಮಾವರದ ಶಾಲೆಯೊಂದರಲ್ಲಿ ಮಕ್ಕಳಿಗೆ ಈಜು ಕಲಿಸುವ ಕೆಲಸ ಸಿಕ್ಕಿತು. ಮೊದಲ ದಿನ ಗಣಪಣ್ಣನೇ ಸ್ಕೂಟರಿನಲ್ಲಿ ಬಿಟ್ಟು ಬಂದರು. ಬೇಸಿಗೆಯಲ್ಲಿ ಗುಲಾಬಿಯಕ್ಕ ಹಿರಿಯರ ಈಜು ಸ್ಪರ್ಧೆಗೆ ಹೋಗಿ, ನಾಲ್ಕು ಜನರಲ್ಲಿ ನಾಲ್ಕನೆಯವರಾಗಿ, ಬ್ರಹ್ಮಾವರದ ಪೇಟೆಯಿಡೀ ಲಾಡು ಹಂಚಿದರು. ಲೀಲಾಧರಣ್ಣ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಮೊಳೆ ತೂಗುವ ಮೊದಲು ಲಾಡು ಕೊಡುತ್ತಿದ್ದರು.

ಜಿಲ್ಲೆಯಿಂದ ನಮ್ಮ ಕ್ಲಬ್ಬಿಗೆ ಬಹುಮಾನವೂ ಬಂತು. ಹೆಂಗಸರ ಈಜಿಗೆಂದು ಅವರಲ್ಲಿ ಯಾವ ವಿಭಾಗವೂ ಇರಲಿಲ್ಲವಂತೆ. ಬ್ಲೇಜರಿನ ಆ ಪ್ರತಿನಿಧಿಯವರು ಹಟ ಹಿಡಿದು 'ನೀರು ಮತ್ತು ನೈರ್ಮಲ್ಯ' ವಿಭಾಗದಲ್ಲಿ ಕೊಡಿಸಿದರು. ಪ್ರಶಸ್ತಿ ಪತ್ರ ಓದಿದ ಸರೋಜಕ್ಕ, "ಮಿಂದದ್ ಹೌದಲೆ, ನೈರ್ಮಲ್ಯವೂ ಆಯ್ತ್" ಎಂದರು.

ಜೂನ್ ಕೊನೆಗೆ ಅಧಿಕಾರ ಹಸ್ತಾಂತರ. ಮುಂದಿನ ಅಧ್ಯಕ್ಷರಾಗಲು ಲೀಲಾಧರಣ್ಣ ತಾವಾಗಿಯೇ ಕೈ ಎತ್ತಿದ್ದರು. ವೇದಿಕೆಯಲ್ಲಿ ಸರೋಜಕ್ಕ ಪದಕದ ಹಾರವನ್ನು ಕೊರಳಿಂದ ತೆಗೆಯಲು ಹೋದರೆ ಅದು ತುರುಬಿಗೆ, ತುರುಬಿನ ಮಲ್ಲಿಗೆಗೆ ಸಿಕ್ಕಿಕೊಂಡಿತು. ಲೀಲಾಧರಣ್ಣ ಬಿಡಿಸಲು ಬಗ್ಗಿದರು. ಅವರ ಕನ್ನಡಕವೂ ಸಿಕ್ಕಿಕೊಂಡಿತು. ಹಳೆಯ ಅಧ್ಯಕ್ಷೆ, ಹೊಸ ಅಧ್ಯಕ್ಷರು ತಲೆಗೆ ತಲೆ ತಾಗಿಸಿ ಬಗ್ಗಿ ನಿಂತಿದ್ದರೆ, ಗುಲಾಬಿಯಕ್ಕ ಕತ್ತರಿ ಹುಡುಕಿಕೊಂಡು ಓಡಿದರು. ಇಡೀ ಹಾಲು ಎದ್ದು ನಿಂತು ನಗುತ್ತಿತ್ತು. ಹಾರದೊಳಗಿನಿಂದ ಸರೋಜಕ್ಕನ ನಗು ಎಲ್ಲರಿಗಿಂತ ಜೋರಾಗಿ ಕೇಳುತ್ತಿತ್ತು. ಫೋಟೋದವನು ಅದೇ ಹೊತ್ತಿಗೆ ಕ್ಲಿಕ್ ಮಾಡಿದ.

ಕರಿಯಣ್ಣ ಆ ಫೋಟೋಕ್ಕೆ ಕಟ್ಟು ಹಾಕಿಸಿ ಮನೆಯ ಜಗಲಿಯಲ್ಲಿ ತೂಗಿಸಿದ್ದಾರೆ. ಅದರಲ್ಲಿ ಅಧ್ಯಕ್ಷರಿಬ್ಬರ ಮುಖವೂ ಕಾಣುವುದಿಲ್ಲ. ಎರಡು ಬಗ್ಗಿದ ಬೆನ್ನು, ಒಂದು ತುರುಬು, ಹಿಂದೆ ಬಾಯಿ ತೆರೆದು ನಗುವ ಹೆಂಗಸರ ಸಾಲು. ಮನೆಗೆ ಬಂದವರನ್ನೆಲ್ಲ ಅದರ ಎದುರು ನಿಲ್ಲಿಸಿ, ತುರುಬಿನ ಮೇಲೆ ಬೆರಳಿಟ್ಟು, "ಕಾಣಿ, ಇದ್ ನನ್ ಹೆಂಡ್ತಿ" ಎನ್ನುತ್ತಾರೆ.